ಪಾಪಕ್ಕನಿಗೆ ನೀರು ಹಾಕಿದವರು

ಹಂಡೆಗೆ ಇನ್ನೊಂದು ಬಿಂದಿಗೆ ಸುರಿದು ಭಾಗ್ಯಮ್ಮ ಒಲೆಯ ಬಾಯಿಗೆ ತೆಂಗಿನ ಗರಿ ತುರುಕುತ್ತಿದ್ದಳು. ಹೊಗೆ ಬಡಿದು ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಹಿತ್ತಲಿಗೆ ಬಂದವರೆಲ್ಲ ಅದನ್ನು ಅಳು ಅಂದುಕೊಂಡು ಬೆನ್ನು ಸವರಿ ಹೋಗುತ್ತಿದ್ದರು. ಅಳುವುದಕ್ಕೆ ಅವಳಿಗಿನ್ನೂ ಪುರುಸೊತ್ತೇ ಸಿಕ್ಕಿರಲಿಲ್ಲ. ಅತ್ತೆ ಪಾಪಕ್ಕ ನಿನ್ನೆ ಸಂಜೆ ಇದೇ ಹಿತ್ತಲ ನಲ್ಲಿಯ ಹತ್ತಿರ ಕಾಲು ತೊಳೆಯುತ್ತ ಕೂತವಳು ಹಾಗೇ ಗೋಡೆಗೆ ಒರಗಿಬಿಟ್ಟಿದ್ದಳು. ಈಗ ನಡುಮನೆಯಲ್ಲಿ ಮಲಗಿದ್ದಳು, ತಲೆಯ ಹತ್ತಿರ ದೀಪ. ಹೊರಗೆ ತಮಟೆಯವರು ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸುತ್ತಿದ್ದರು.

"ಅಮ್ಮಾ, ಪ್ಯಾಡ್ ಎಲ್ಲಿಟ್ಟಿದೀಯ?"

ಮಗಳು ಕೀರ್ತನ ಹಿತ್ತಲ ಬಾಗಿಲಲ್ಲಿ ನಿಂತು, ಉಪ್ಪಿನ ಡಬ್ಬ ಎಲ್ಲಿ ಅನ್ನುವ ಹಾಗೆ ಕೇಳಿದಳು. ದೇವನಹಳ್ಳಿಯಲ್ಲಿ ಡಿಗ್ರಿ ಕೊನೆಯ ವರ್ಷದಲ್ಲಿದ್ದ ಹುಡುಗಿ. ಅಜ್ಜಿಯ ಹತ್ತಿರ ಬೆಳೆದವಳಾದ್ದರಿಂದ ಮೆಲ್ಲಗೆ ಮಾತಾಡುವುದು ಅವಳಿಗೆ ಬರುತ್ತಿರಲಿಲ್ಲ.

ಭಾಗ್ಯಮ್ಮ ಗಾಬರಿಯಿಂದ ಸುತ್ತ ನೋಡಿದಳು. "ಮೆತ್ತಗೆ ಮಾತಾಡೆ! ಇವತ್ತೇ ಆಗ್ಬೇಕಿತ್ತಾ ನಿಂಗೆ?"

"ನನ್ನ ಕೇಳ್ಕೊಂಡು ಆಗುತ್ತಾ ಅದು?"

"ಬೀರುನಲ್ಲಿದೆ ನೋಡು, ಸೀರೆ ಕೆಳಗೆ. ಯಾರ ಹತ್ರಾನೂ ಬಾಯಿ ಬಿಡ್ಬೇಡ. ಸುಮ್ನೆ ಬಂದು ನೀರು ಹಾಕ್ಬಿಡು."

ಕೀರ್ತನ ಕದಲಲಿಲ್ಲ. "ಅಜ್ಜಿ ಇದ್ದಿದ್ರೆ ಬಚ್ಚಿಟ್ಕೋ ಅಂತಿದ್ರಾ?"

ಭಾಗ್ಯಮ್ಮ ಮಗಳನ್ನು ಒಳಗೆ ತಳ್ಳಲು ಎದ್ದಳು. ಅಷ್ಟರಲ್ಲಿ ಬಚ್ಚಲ ಗೋಡೆಯ ಮರೆಯಲ್ಲಿ ಕೂತು ಸೀಗೆಪುಡಿ ಕಲಸುತ್ತಿದ್ದ ಪಾಪಕ್ಕನ ಓರಗಿತ್ತಿ, ಮೈದುನ ಗೋಪಾಲಪ್ಪನ ಹೆಂಡತಿ, ಬಟ್ಟಲನ್ನು ಅಲ್ಲೇ ಕುಕ್ಕಿ ಎದ್ದಳು. "ಅಯ್ಯೋ ಶಿವನೇ" ಅಂದವಳೇ ಸೆರಗು ಸರಿಮಾಡಿಕೊಳ್ಳುತ್ತ ಮುಂದಿನ ಅಂಗಳಕ್ಕೆ ಹೋದಳು. ಇನ್ನು ಸುದ್ದಿ ಗೋಪಾಲಪ್ಪನ ಕಿವಿಗೆ ಬೀಳಲು ತಡವಿರಲಿಲ್ಲ.

ಪಾಪಕ್ಕನ ಆಸೆ ಮನೆಮಂದಿಗೆಲ್ಲ ಗೊತ್ತಿದ್ದದ್ದೇ. ಹೋದ ಗೌರಿ ಹಬ್ಬದ ದಿನ ಎಲ್ಲರೂ ಊಟಕ್ಕೆ ಕೂತಿದ್ದಾಗ, "ನಾನು ಸತ್ರೆ ಮೊದಲನೇ ಚೊಂಬು ನಮ್ಮ ಕೀರ್ತನ ಹಾಕ್ಬೇಕು. ಹುಟ್ಟಿದಾಗಿಂದ ಅವಳ ತಲೆಗೆ ನೀರು ಹುಯ್ದು ನನ್ನ ಸೊಂಟ ಹೋಯ್ತು. ತೀರಿಸ್ಲಿ" ಅಂದಿದ್ದಳು. ಎಲ್ಲರೂ ನಕ್ಕಿದ್ದರು. ಗೋಪಾಲಪ್ಪನೂ ನಕ್ಕಿದ್ದ.

*

ಭಾಗ್ಯಮ್ಮ ಹೊಸಕೋಟೆ ಕಡೆಯಿಂದ ಈ ಮನೆಗೆ ಸೊಸೆಯಾಗಿ ಬಂದಾಗ ಪಾಪಕ್ಕನಿಗೂ ಒಬ್ಬಳು ಅತ್ತೆ ಇದ್ದಳು. ಮನೆಯ ಮಾತು ಆ ಮುದುಕಿಯದೇ. ಹಸು ಕಟ್ಟುವ ಕೊಟ್ಟಿಗೆಯ ಹಿಂದೆ ಒಂದು ಗುಡಿಸಲಿತ್ತು. ಮೂರು ಕಡೆ ಸೋಗೆ, ಮೇಲೊಂದು ಜಿಂಕ್ ಶೀಟು. ತಿಂಗಳ ಆ ದಿನಗಳಲ್ಲಿ ಮನೆಯ ಹೆಂಗಸರು ಅಲ್ಲಿ ಕೂರಬೇಕು. ಅಲ್ಲಿಗೆ ನೀರಿಲ್ಲ. ಬಟ್ಟೆ ಒಗೆಯಲು ಗಂಡಸರು ಏಳುವ ಮುಂಚೆ ಊರಾಚೆಯ ಕುಂಟೆಯ ನೀರಿಗೆ ಹೋಗಿ ಬರಬೇಕು. ಆಮೇಲೆ ಅದನ್ನು ಯಾರ ಕಣ್ಣಿಗೂ ಬೀಳದ ಹಾಗೆ ಸೋಗೆಯ ಸಂದಿಯಲ್ಲಿ ಒಣಗಿಸಬೇಕು. ಹಸಿ ಬಟ್ಟೆಯನ್ನೇ ಉಟ್ಟು ತೊಡೆ ಕಿತ್ತು ಹೋಗಿ ಭಾಗ್ಯಮ್ಮ ಕಾಲಗಲಿಸಿ ನಡೆಯುತ್ತಿದ್ದಳು. ಯಾರೂ ಯಾಕೆ ಅಂತ ಕೇಳುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಮದುವೆಯಾದ ವರ್ಷದ ಮುಂಗಾರಿನಲ್ಲಿ ಒಂದು ಮಧ್ಯಾಹ್ನ ಗಾಳಿಮಳೆ ಬಂತು. ಸೋಗೆಯ ಗೋಡೆ ಒಂದು ಕಡೆ ಹಾರಿಹೋಗಿ ಭಾಗ್ಯಮ್ಮ ಮೂಲೆಯಲ್ಲಿ ಮುದುಡಿ ಕೂತಿದ್ದಳು. ಪಾಪಕ್ಕ ಮುದ್ದೆಯ ತಟ್ಟೆ ಹಿಡಿದುಕೊಂಡು ಬಂದಳು. ದೂರದಿಂದ ಇಟ್ಟು ಹೋಗುವುದು ಪದ್ಧತಿ. ಅವಳು ಹೋಗಲಿಲ್ಲ. ಸೊಸೆಯ ಕಾಲು ನೋಡಿದಳು, ಮೈಗಂಟಿದ ಸೀರೆ ನೋಡಿದಳು. ಬಗ್ಗಿ ಒಳಗೆ ಬಂದು ಪಕ್ಕದಲ್ಲೇ ಕೂತು, ಅದೇ ತಟ್ಟೆಯ ಮುದ್ದೆಯಲ್ಲಿ ಒಂದು ತುತ್ತು ಮುರಿದು ತನ್ನ ಬಾಯಿಗೆ ಹಾಕಿಕೊಂಡಳು.

"ಅತ್ತೆ, ಏನು ಮಾಡ್ತಿದೀರ!"

"ಹಸಿವಾಗಿತ್ತು ಕಣೆ. ಏಳು, ಮಿಕ್ಕಿದ್ದು ಒಳಗೆ ಕೂತು ತಿನ್ನೋಣ."

ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಮುದುಕಿ ಎದೆ ಎದೆ ಬಡಿದುಕೊಂಡಳು. ಮನೆದೇವರು ಈ ಕ್ಷಣವೇ ಹೊಸಿಲು ದಾಟಿ ಹೋಗುತ್ತಾನೆ ಅಂತ ಕೂಗಿದಳು.

"ಹೋಗೋದಾದ್ರೆ ಹೋಗ್ಲಿ ಬಿಡಿ" ಅಂದಳು ಪಾಪಕ್ಕ, ಸೊಸೆಯ ತಲೆ ಒರೆಸುತ್ತ. "ಮಳೆ ಬರ್ತಿದೆ. ಕೊಡೆ ಕೊಟ್ಟು ಕಳಿಸ್ತೀನಿ."

ಮಾರನೇ ದಿನ ಗುಡಿಸಲಿನ ಶೀಟು ಕಿತ್ತಳು. ಮಣ್ಣಿಟ್ಟಿಗೆ ಹೊತ್ತು ತಾನೇ ಗೋಡೆ ಎಬ್ಬಿಸಿ, ಅದೇ ಶೀಟನ್ನು ಮೇಲೆ ಹೊದಿಸಿ, ಹಿತ್ತಲಲ್ಲಿ ಹೆಂಗಸರಿಗೆ ಒಂದು ಬಚ್ಚಲು ಮಾಡಿದಳು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿದಳು. ಆ ಚಿಲಕ ಹಾಕಿಕೊಂಡು ಮೊದಲ ಸಲ ಹಗಲು ಹೊತ್ತಿನಲ್ಲಿ ಮೈತುಂಬ ನೀರು ಹುಯ್ದುಕೊಂಡ ದಿನ ಭಾಗ್ಯಮ್ಮ ಅಲ್ಲೇ ಕೂತು ಬಿಕ್ಕಿಬಿಕ್ಕಿ ಅತ್ತಿದ್ದಳು. ದೇವರು ಎಲ್ಲಿಗೂ ಹೋಗಲಿಲ್ಲ. ಮುದುಕಿ ಮಾತ್ರ ಸಾಯುವ ತನಕ ಪಾಪಕ್ಕನ ಕೈಯ ನೀರು ಕುಡಿಯಲಿಲ್ಲ.

*

"ಆ ಹುಡುಗಿ ಒಳಗಿರ್ಲಿ."

ಗೋಪಾಲಪ್ಪ ಶಾಮಿಯಾನದ ಕೆಳಗೆ ನಿಂತು ಹೇಳಿದ. ಪಾಪಕ್ಕನ ಮೈದುನ, ಊರಿನ ಹಿರಿಯ, ಹಿಂದೆ ಪಂಚಾಯ್ತಿ ಮೆಂಬರಾಗಿದ್ದವನು. ಕೂಗಾಡುವ ಮನುಷ್ಯನಲ್ಲ. ಹೆಗಲ ಟವೆಲನ್ನು ಒಮ್ಮೆ ಕೊಡವಿದರೆ ಮಾತು ಮುಗಿಯಿತು ಅಂತ ಅರ್ಥ. ಈಗಲೂ ಕೊಡವಿದ.

ಭಾಗ್ಯಮ್ಮನ ಗಂಡ ದೇವರಾಜ್ ತಲೆ ತಗ್ಗಿಸಿ ನಿಂತಿದ್ದ. "ಅಮ್ಮನ ಆಸೆ ಅದು ಚಿಕ್ಕಪ್ಪ."

"ಆಸೆ ಇದ್ದೀತು. ಮುಟ್ಟಾದವಳು ಹೆಣ ಮುಟ್ಟೋದು ನಮ್ಮ ವಂಶದಲ್ಲಿ ಕಂಡಿಲ್ಲ, ಕೇಳಿಲ್ಲ. ಅವಳು ಮುಟ್ಟಿದ್ರೆ ನಮ್ಮ ಮನೆಯೋರು ಒಬ್ರೂ ಹೆಗಲು ಕೊಡಲ್ಲ. ಯೋಚನೆ ಮಾಡು."

ದೇವರಾಜ್ ಯೋಚನೆ ಮಾಡಿದ. ಹಿತ್ತಲಿಗೆ ಬಂದು ಹೆಂಡತಿಯ ಹತ್ತಿರ ನಿಂತು, ಒಲೆಯ ಕಡೆ ನೋಡುತ್ತ ಹೇಳಿದ. "ಒಂದು ದಿನದ ಮಾತು ಭಾಗ್ಯ. ಕೀರ್ತನಂಗೆ ಹೇಳು. ಹೆಣ ಇಟ್ಕೊಂಡು ಜಗಳ ಬೇಡ."

ಪಾಪಕ್ಕನ ಮಗಳು ಪ್ರಮೋದಾ ಅಲ್ಲೇ ಹೂವು ಬಿಡಿಸುತ್ತ ಕೂತಿದ್ದಳು. ಬೆಳಗಿನ ಜಾವ ಗಂಡನ ಮನೆಯಿಂದ ಬಂದವಳು. ಅವಳು ಅಣ್ಣನನ್ನು ದಿಟ್ಟಿಸಿ ನೋಡಿದಳು. "ನಂಗೂ ಹಾಗೇ ಅಂದಿದ್ರಿ ಎಲ್ಲಾರೂ. ಒಂದು ವರ್ಷದ ಮಾತು, ಮನೇಲಿರ್ಲಿ ಅಂತ. ಆಮೇಲೆ ಸ್ಕೂಲ್ ಬಾಗಿಲು ನಾನು ನೋಡ್ಲೇ ಇಲ್ಲ."

ಭಾಗ್ಯಮ್ಮ ಹಂಡೆಯ ಮುಚ್ಚಳ ತೆಗೆದಳು. ನೀರು ಕಾದಿತ್ತು.

*

ಪ್ರಮೋದಾ ಎಂಟನೇ ಕ್ಲಾಸಿನಲ್ಲಿ ಮೈನೆರೆದಾಗ ಊರಿನ ಸ್ಕೂಲಿನಲ್ಲಿ ಹುಡುಗಿಯರಿಗೆ ಕಕ್ಕಸು ಇರಲಿಲ್ಲ. ಹಾಗೇ ಮನೆಯಲ್ಲಿ ಉಳಿದಳು, ಬೇಗನೆ ಮದುವೆಯಾದಳು. ಪಾಪಕ್ಕ ಆಗ ಏನೂ ಮಾಡಲಿಲ್ಲ. ಅದು ಅವಳೊಳಗೆ ಮುಳ್ಳಿನ ಹಾಗೆ ಉಳಿದುಕೊಂಡಿತ್ತು. ಕೀರ್ತನ ಅದೇ ಸ್ಕೂಲಿಗೆ ಹೋಗುವ ಹೊತ್ತಿಗೆ ಕಕ್ಕಸೇನೋ ಬಂದಿತ್ತು, ಆದರೆ ಅದಕ್ಕೆ ನೀರಿರಲಿಲ್ಲ. ಗಲೀಜು ಮಾಡುತ್ತಾರೆ ಅಂತ ಬೀಗ ಹಾಕಿಟ್ಟಿದ್ದರು. ಹುಡುಗಿಯರು ಬೆಳಗಿನಿಂದ ಸಂಜೆಯವರೆಗೂ ನೀರೇ ಕುಡಿಯುತ್ತಿರಲಿಲ್ಲ. ಒಂದು ದಿನ ಕೀರ್ತನ ಹೊಟ್ಟೆ ಹಿಡಿದುಕೊಂಡು ಜ್ವರದಲ್ಲಿ ಬಂದು ಮಲಗಿದಳು.

ಪಾಪಕ್ಕ ಪಂಚಾಯ್ತಿಗೆ ಅಲೆದಳು. ಆಗ ಮೆಂಬರಾಗಿದ್ದ ಗೋಪಾಲಪ್ಪ, "ಪೈಪ್‌ಲೈನ್ ಆಗ್ಬೇಕು ಅತ್ತಿಗೆ, ಟೈಮ್ ಹಿಡಿಯುತ್ತೆ" ಅನ್ನುತ್ತಿದ್ದ. ಪಂಚಾಯ್ತಿ ಆಫೀಸಿನ ಹಿಂದೆ ಮಾತ್ರ ಬಿಳಿ ಟೈಲ್ಸು ಹಾಕಿದ ಒಳ್ಳೆಯ ಕಕ್ಕಸಿತ್ತು. ನಲ್ಲಿ ತಿರುಗಿಸಿದರೆ ನೀರು ಧುಮುಕುತ್ತಿತ್ತು.

ಗ್ರಾಮಸಭೆಯ ದಿನ, ತಾಲ್ಲೂಕಿನಿಂದ ಸಾಹೇಬರೂ ಬಂದಿದ್ದಾಗ, ಪಾಪಕ್ಕ ಆ ಕಕ್ಕಸಿಗೆ ತನ್ನ ಮನೆಯ ಬೀಗ ಜಡಿದು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲ ಮೇಲೆ ಕೂತಳು.

ಮೊದಲು ಎಲ್ಲರೂ ನಕ್ಕರು. ಟೀ ಬಂತು, ಇನ್ನೊಂದು ಸಲ ಟೀ ಬಂತು. ಒಬ್ಬೊಬ್ಬರೇ ಎದ್ದು ಹಿಂದಿನ ಹೊಂಗೆ ತೋಪಿನ ಕಡೆ ನಡೆದರು. ಅಲ್ಲಿ ಮರಕ್ಕೆ ಇಬ್ಬರಂತೆ ಊರ ಹೆಂಗಸರು ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತ ಕೂತಿದ್ದರು. ಭಾಗ್ಯಮ್ಮ ಕೊನೆಯ ಮರದ ಕೆಳಗೆ, ಸೆರಗನ್ನು ಮೂಗಿನ ತನಕ ಎಳೆದುಕೊಂಡು ಕಾಯಿ ಸುಲಿಯುತ್ತಿದ್ದಳು. ಬಂದ ಗಂಡಸರು ಬಂದ ಹಾಗೇ ತಿರುಗಿದರು.

ಗೋಪಾಲಪ್ಪನ ಮುಖ ಬೆವರುತ್ತಿತ್ತು. "ಅತ್ತಿಗೆ, ಮರ್ಯಾದೆ ತೆಗೀಬೇಡಿ. ಬೀಗ ತೆಗೀರಿ."

"ತಡ್ಕೊಳಪ್ಪ. ಟೈಮ್ ಹಿಡಿಯುತ್ತೆ" ಅಂದಳು ಪಾಪಕ್ಕ.

ಹೊಂಗೆ ತೋಪಿನಲ್ಲಿ ಕಿಸಕ್ಕನೆ ನಗು ಎದ್ದಿತು. ಸಾಹೇಬರು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ, ಬದಲಿಸಿ, ಕೊನೆಗೆ ಎದ್ದು, "ಬನ್ನಿ, ಆ ಸ್ಕೂಲು ನೋಡೋಣ" ಅಂದರು. ಆ ವಾರವೇ ಪೈಪು ಹಾಕುವವರು ಬಂದರು. ಗೋಪಾಲಪ್ಪ ಮುಂದಿನ ಚುನಾವಣೆಗೆ ನಿಲ್ಲಲಿಲ್ಲ. ಕಾರಣವನ್ನು ಅವನೂ ಹೇಳಲಿಲ್ಲ, ಊರೂ ಮರೆಯಲಿಲ್ಲ.

*

ಭಾಗ್ಯಮ್ಮ ಕೈಯಲ್ಲಿ ಚೊಂಬು ಹಿಡಿದು ಅಂಗಳಕ್ಕೆ ಬಂದಳು. ಹಿಂದೆ ಕೀರ್ತನ, ಅವಳ ಪಕ್ಕದಲ್ಲಿ ಪ್ರಮೋದಾ. ಗೋಪಾಲಪ್ಪನ ಎದುರು ನಿಂತು ಭಾಗ್ಯಮ್ಮ ಯಾವತ್ತೂ ಮಾತಾಡಿದವಳಲ್ಲ. ಅತ್ತೆಯ ಬೆನ್ನ ಹಿಂದೆ ನಿಂತು ಅಭ್ಯಾಸ. ಈಗ ಮುಂದೆ ಆ ಬೆನ್ನು ಇರಲಿಲ್ಲ.

"ಚಿಕ್ಕಮಾವ, ಒಂದು ಮಾತು."

"ಹೇಳಮ್ಮ."

"ಮನೆತುಂಬ ಸಾವಿನ ಸೂತಕ ಇದೆ. ಅದರ ಮೇಲೆ ನನ್ನ ಮಗಳ ಮೈಲಿಗೆ ಎಲ್ಲಿ ಅಂಟ್ಕೊಳುತ್ತೆ, ತೋರಿಸಿ."

ಬಡಿಯುತ್ತಿದ್ದ ತಮಟೆ ನಿಂತಿತು. ಗೋಪಾಲಪ್ಪ ಅವಳನ್ನು ಮೇಲಿನಿಂದ ಕೆಳಗಿನ ತನಕ ನೋಡಿದ. "ನಿಂಗೂ ಬಾಯಿ ಬಂತು."

"ಬಂತು." ಚೊಂಬನ್ನು ನೆಲದ ಮೇಲೆ ಬೋರಲು ಹಾಕಿದಳು. "ಕೀರ್ತನ ಹಾಕಬಾರ್ದು ಅಂದ್ರೆ ನಾನೂ ಹಾಕಲ್ಲ. ಹೆಂಗಸಿನ ಮೈ ಅದು. ತೊಳೆಯೋಕೆ ನೀವು ಗಂಡಸರು ಬರ್ತೀರಾ?"

ಪ್ರಮೋದಾ ಮುಂದೆ ಬಂದು ತನ್ನ ಚೊಂಬನ್ನೂ ಪಕ್ಕದಲ್ಲಿ ಬೋರಲು ಹಾಕಿದಳು. ಎದುರು ಮನೆಯ ಮುನಿರಾಜನ ಹೆಂಡತಿ ಶಾಮಲಾ ಹಾಕಿದಳು. ಇನ್ನಿಬ್ಬರು ಹಾಕಿದರು. ಕೊನೆಗೆ ಚೊಂಬು ಬೋರಲು ಹಾಕದೆ ನೀರು ಹಿಡಿದುಕೊಂಡು ನಿಂತವಳು ಗೋಪಾಲಪ್ಪನ ಹೆಂಡತಿ ಒಬ್ಬಳೇ.

"ಚಿಕ್ಕಪ್ಪ" ಅಂದ ದೇವರಾಜ್. ಅವನ ಕಣ್ಣು ಹೆಂಡತಿಯ ಮೇಲಿತ್ತು. "ಹೊತ್ತಾಗ್ತಿದೆ. ಕೀರ್ತನ ಹಾಕ್ಲಿ."

"ಹಾಗಾದ್ರೆ ಹೆಗಲಿಗೆ ಬೇರೆಯೋರ್ನ ನೋಡ್ಕೋ." ಗೋಪಾಲಪ್ಪ ತನ್ನ ಇಬ್ಬರು ಮಕ್ಕಳನ್ನು ಕರೆದುಕೊಂಡು ಬೀದಿಯಾಚೆಯ ತನ್ನ ಮನೆಯ ಜಗಲಿಗೆ ಹೋಗಿ ಕೂತ. ಹೆಂಡತಿಯನ್ನೂ ಕರೆದ. ಅವಳು ಕೇಳಿಸದವಳ ಹಾಗೆ ನಿಂತೇ ಇದ್ದಳು.

ಪಾಪಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ತಂದು, ಸುತ್ತ ಸೀರೆಗಳ ಮರೆ ಹಿಡಿದರು. ಕೀರ್ತನ ಮೊದಲ ಚೊಂಬನ್ನು ನೆತ್ತಿಯ ಮೇಲೆ ನಿಧಾನವಾಗಿ ಹುಯ್ದಳು. "ಬಿಸಿ ಸರಿ ಇದೆಯಾ ಅಜ್ಜಿ?" ಅಂದವಳು ಆಗ ಮಾತ್ರ ಗಳಗಳನೆ ಅತ್ತಳು. ಅಳುತ್ತಲೇ ಎರಡನೇ ಚೊಂಬು ತುಂಬಿದಳು. ಭಾಗ್ಯಮ್ಮ ಸೀಗೆಪುಡಿ ಹಚ್ಚಿ ಅತ್ತೆಯ ಬೆನ್ನು ತಿಕ್ಕಿದಳು, ಕುತ್ತಿಗೆ ತಿಕ್ಕಿದಳು, ಬಿರುಕು ಬಿಟ್ಟ ಹಿಮ್ಮಡಿಯ ಮಣ್ಣನ್ನು ಉಗುರಿನಿಂದ ಬಿಡಿಸಿದಳು. ಸೀರೆಯ ಮರೆ ಸರಿಸಿಕೊಂಡು ಗೋಪಾಲಪ್ಪನ ಹೆಂಡತಿ ಒಳಗೆ ಬಂದಳು. "ಸತ್ತ ಮೇಲೂ ನನ್ನ ಬಿಡಲ್ಲ ಇವಳು" ಅಂತ ಗೊಣಗಿ, ಓರಗಿತ್ತಿಯ ಪಾದಕ್ಕೆ ನೀರು ಬಿಟ್ಟಳು.

ಚಟ್ಟ ಸಿದ್ಧವಾಯಿತು. ಮುಂದೆ ಒಂದು ಕಡೆ ದೇವರಾಜ್ ನಿಂತ, ಹಿಂದೆ ಒಂದು ಕಡೆ ಮುನಿರಾಜ್. ಇನ್ನೆರಡು ಹೆಗಲು ಬೇಕಿತ್ತು. ನೆರೆದ ಗಂಡಸರು ಜಗಲಿಯ ಕಡೆ ಒಂದು ಸಲ, ಚಟ್ಟದ ಕಡೆ ಒಂದು ಸಲ ನೋಡುತ್ತಿದ್ದರು. ಗೋಪಾಲಪ್ಪನನ್ನು ಎದುರು ಹಾಕಿಕೊಂಡು ಆ ಬೀದಿಯಲ್ಲಿ ಬಾಳುವುದು ಸುಲಭವಿರಲಿಲ್ಲ.

ಪ್ರಮೋದಾ ಹಿಂದಿನ ತುದಿಗೆ ಹೋಗಿ ನಿಂತಳು. ಭಾಗ್ಯಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು ಗಂಡನ ಪಕ್ಕಕ್ಕೆ ಬಂದಳು.

"ಹೆಂಗಸರು ಬೀದಿ ಕೊನೆ ತನಕ ಮಾತ್ರ ಕಣಮ್ಮ" ಅಂದರು ಯಾರೋ.

"ಮಣ್ಣು ಮಾಡೋ ಹೊಲದ ತನಕ ದಾರಿ ನಂಗೂ ಗೊತ್ತು" ಅಂದಳು ಭಾಗ್ಯಮ್ಮ.

ಎತ್ತಿದರು. ದೇವರಾಜ್ ಎತ್ತರದ ಆಳು, ಭಾಗ್ಯಮ್ಮ ಅವನ ಎದೆಮಟ್ಟಕ್ಕೆ ಬರುತ್ತಿದ್ದಳು. ಚಟ್ಟ ಅವಳ ಕಡೆ ವಾಲಿತು. ಅತ್ತೆಯ ಭಾರವೆಲ್ಲ ಅವಳ ಒಂದೇ ಹೆಗಲಿಗೆ ಜಾರಿ ಬಂತು. ಅವಳು ಹಲ್ಲು ಕಚ್ಚಿ ಹೆಜ್ಜೆ ಇಟ್ಟಳು.

"ಅಪ್ಪಾ, ನೀನು ತಗ್ಗು" ಅಂದಳು ಕೀರ್ತನ.

ದೇವರಾಜ್ ಪಕ್ಕಕ್ಕೆ ನೋಡಿದ. ಮಂಡಿ ಬಗ್ಗಿಸಿದ. ಚಟ್ಟ ಸಮಕ್ಕೆ ಬಂತು. ತಮಟೆ ಮೊಳಗಿತು. ಜಗಲಿಯ ಮುಂದೆ ಹಾದು, ಸ್ಕೂಲಿನ ಕಾಂಪೌಂಡು ದಾಟಿ, ಹೊಲದ ಬದುವಿನ ತನಕವೂ ಅವನು ಹೆಂಡತಿಯ ಹೆಗಲಿನ ಎತ್ತರಕ್ಕೆ ಬಗ್ಗಿಕೊಂಡೇ ನಡೆದ.