ಭಾನುವಾರದ ಸ್ನಾನ

ಗೋಡೆಯ ಮೊಳೆಗೆ ಬಿಳಿ ಬಟ್ಟೆಯ ಒಂದು ತುದಿ ಕಟ್ಟಿ, ಇನ್ನೊಂದರಿಂದ ದೇವೀರಪ್ಪ ತನ್ನ ಭಾವನ ಹಣೆಯನ್ನು ಹಿಂದಕ್ಕೆ ಬಿಗಿಯುತ್ತಿದ್ದ. ತಲೆ ಮತ್ತೆ ಮತ್ತೆ ಎಡಕ್ಕೆ ವಾಲುತ್ತಿತ್ತು. ಕೂರಿಸಿಯೇ ಮಣ್ಣು ಮಾಡಬೇಕಾದ ದೇಹ. ಅಲ್ಲಿಯವರೆಗೂ ನೆಟ್ಟಗೆ ಕೂತಿರಬೇಕು.

"ಸ್ಕೂಲಲ್ಲಿ ನಮಗೆಲ್ಲ ನೆಟ್ಟಗೆ ಕೂತ್ಕೊಳ್ರೋ ಅಂತಿದ್ರು. ಈಗ ಅವರೇ ಕೂರ್ತಿಲ್ಲ ನೋಡು," ಎಂದ ಬಾಗಿಲಲ್ಲಿದ್ದ ಒಬ್ಬ ಹಳೆಯ ಶಿಷ್ಯ. ಪಕ್ಕದಲ್ಲಿದ್ದವರು ನಕ್ಕು, ತಕ್ಷಣ ಕೆಮ್ಮಿದರು.

ಡ್ರಾಯಿಂಗ್ ಮೇಷ್ಟ್ರು ಗಂಗಾಧರಯ್ಯ ತೀರಿಕೊಂಡದ್ದು ಶನಿವಾರ ಸಂಜೆ. ಈಗ ಭಾನುವಾರ ಹನ್ನೊಂದು ಗಂಟೆ. ಅರಸೀಕೆರೆಯ ಆ ಬೀದಿಯಲ್ಲಿ ಹೆಣ ಕೂರಿಸಿ ಒಯ್ಯುವ ವಿಮಾನ ಕಟ್ಟಿ ಹೂ ಸುತ್ತಿ ಆಗಿತ್ತು. ತಮಟೆಯವರು ತಮಟೆ ಕಾಯಿಸಿ ಕಾಯುತ್ತಿದ್ದರು. ಎತ್ತಲು ಬಿಡದೆ ಕೂತವಳು ಹೆಂಡತಿ ವಿಶಾಲಮ್ಮ ಒಬ್ಬಳೇ.

"ಇನ್ಯಾರು ಬರ್ಬೇಕಕ್ಕಾ? ಅರೇಹಳ್ಳಿಯೋರೂ ಬಂದಾಯ್ತು."

"ಬರೋರಿದ್ದಾರೆ."

"ಯಾರು ಅಂತ ಹೇಳ್ಬಾರ್ದಾ? ಅಯ್ನೋರು ನನ್ನ ಪ್ರಾಣ ತಿಂತಾವ್ರೆ."

"ಗಂಡಸಿ ಬಸ್ಸು ಬರಲಿ."

ದೇವೀರಪ್ಪನಿಗೆ ಅರ್ಥವಾಗಲಿಲ್ಲ. ಗಂಡಸಿಯಲ್ಲಿ ಅವರಿಗೆ ನೆಂಟರೇ ಇರಲಿಲ್ಲ.

ವಿಶಾಲಮ್ಮ ಕಂಬಕ್ಕೆ ಒರಗಿ ಬಾಗಿಲನ್ನೇ ನೋಡುತ್ತಿದ್ದಳು. ಒಳಗೆ ಬಂದ ಪ್ರತಿ ಹೆಂಗಸಿನ ಕಾಲು, ಬಳೆ, ಕಣ್ಣು ನೋಡಿದಳು. ಯಾರು ಹೆಚ್ಚು ಅಳುತ್ತಾಳೆ, ಯಾರು ಅಳದೆ ಮೂಲೆ ಹಿಡಿಯುತ್ತಾಳೆ. ಅವಳು ಬಂದೇ ಬರುತ್ತಾಳೆ. ಇಪ್ಪತ್ತಾರು ವರ್ಷ ತನ್ನ ಬಳಿ ಬಂದುಹೋದವನನ್ನು ಕೊನೆಯ ಸಲ ನೋಡದೆ ಯಾವ ಹೆಣ್ಣು ಇದ್ದಾಳು? ಜಗಳವಿಲ್ಲ. ಆ ಮುಖವನ್ನು ಒಮ್ಮೆ ನೋಡಬೇಕು, ಅಷ್ಟೇ.

*

ಐವತ್ತಾರನೇ ಇಸವಿಯ ಒಂದು ಭಾನುವಾರ ಗಂಗಾಧರಯ್ಯ ಊಟ ಮಾಡಿ ಹೊರಗೆ ಹೋದವನು ದೀಪ ಹಚ್ಚುವ ಹೊತ್ತಿಗೆ ಬಂದ. ತಲೆ ಒದ್ದೆ. ಪಂಚೆಯ ಅಂಚು ಒದ್ದೆ. ಮೈಯಲ್ಲಿ ಸೋಪಿನ ವಾಸನೆ. ಬೆಳಗ್ಗೆಯಷ್ಟೇ ಮನೆಯಲ್ಲಿ ಸ್ನಾನ ಮಾಡಿ ಲಿಂಗಪೂಜೆ ಮುಗಿಸಿದ್ದವನು. ಹೊರಗೆ ಹೋದ ಗಂಡಸು ಸ್ನಾನ ಮಾಡಿಕೊಂಡು ಮನೆಗೆ ಬಂದರೆ ಅದೇನೆಂದು ಅವಳ ತವರಿನ ಹೆಂಗಸರಿಗೆಲ್ಲ ಗೊತ್ತಿತ್ತು.

ಮುಂದಿನ ಭಾನುವಾರವೂ ಹಾಗೇ. ಅದರ ಮುಂದಿನದೂ.

ಪಕ್ಕದ ಮನೆಯ ಸುಮಿತ್ರಮ್ಮ ಒಂದು ದಿನ ಹೇಳಿದಳು: "ನಿಮ್ಮೋರು ತಮ್ಮಯ್ಯನ ಜಟಕಾದಲ್ಲಿ ಗಂಡಸಿ ರಸ್ತೇಲಿ ಹೋಗ್ತಿದ್ರು ಕಣ್ರೀ. ಒಬ್ಬರೇ."

ವಿಶಾಲಮ್ಮ ಗಂಡನನ್ನು ಕೇಳಲಿಲ್ಲ. ಕೇಳಿದರೆ ಅವನು ಹೇಳಿಬಿಟ್ಟಾನು ಎಂಬ ಹೆದರಿಕೆ. ಭಾನುವಾರ ಸಂಜೆ ಬಾಗಿಲ ಗೂಟಕ್ಕೆ ಒಂದು ಒಣ ಟವಲು ನೇತುಹಾಕಿ ಅಡುಗೆಮನೆ ಸೇರುತ್ತಿದ್ದಳು. ಅವನು ತಲೆ ಒರೆಸಿಕೊಂಡು ಅದನ್ನು ಅಲ್ಲೇ ತೂಗುಹಾಕುತ್ತಿದ್ದ. ನಿವೃತ್ತನಾದ ಮೇಲೂ ಇದು ತಪ್ಪಲಿಲ್ಲ.

*

ಗಂಡಸಿ ಬಸ್ಸು ಬಂದು ಹೋಯಿತು. ಯಾರೂ ಬರಲಿಲ್ಲ. ಅದರ ಹಿಂದೆಯೇ ಬೀದಿಯ ತುದಿಯಲ್ಲಿ ಗೊರಸಿನ ಸದ್ದು ಕೇಳಿತು. ತಮ್ಮಯ್ಯ ಜಟಕಾ ನಿಲ್ಲಿಸಿ, ತಲೆಯ ವಸ್ತ್ರ ಬಿಚ್ಚಿ, ಬೀದಿಯಲ್ಲೇ ನಿಂತ. ಆ ಮನೆಯಲ್ಲಿ ಅವನಿಗೆ ಒಂದು ಲೋಟ ನೀರೂ ಸಿಕ್ಕಿರಲಿಲ್ಲ. ಜಗಲಿ ಹತ್ತುವ ಧೈರ್ಯ ಬರಲಿಲ್ಲ.

ವಿಶಾಲಮ್ಮ ಎದ್ದು ನೇರ ಜಟಕಾದ ಬಳಿ ಹೋಗಿ ಒಳಗೆ ಬಗ್ಗಿ ನೋಡಿದಳು. ಹುಲ್ಲು ಮಾತ್ರ ಇತ್ತು.

"ಎಲ್ಲೋ ಅವಳು?"

"ಯಾರವ್ವಾ?"

"ಇನ್ನೂ ಯಾಕೋ ಮುಚ್ಚಿಡ್ತೀಯ? ವಾರವಾರ ಕರ್ಕೊಂಡು ಹೋಗ್ತಿದ್ದೋನು ನೀನೇ ಅಲ್ವಾ? ಇವತ್ತು ಅವಳನ್ನ ಕರ್ಕೊಂಡು ಬರೋಕೆ ಏನಾಗಿತ್ತು? ನಾನೇನು ಕಚ್ತಿದ್ನಾ?"

ತಮ್ಮಯ್ಯ ಅವಳ ಮುಖವನ್ನೂ ಒಳಗೆ ಕೂತಿದ್ದ ಮೇಷ್ಟ್ರನ್ನೂ ನೋಡಿದ.

"ಅವ್ವಾರೆ, ಅವ್ರು ಗಂಡಸಿಗಂಟ ಒಂದ್ ದಿನಾನೂ ಹೋದೋರಲ್ಲ. ಕೆರೆ ಕೋಡಿತಾವ ನಿಲ್ಸು ಅನ್ನೋರು. ಕುದ್ರೆ ಬಿಚ್ಚು ಅನ್ನೋರು. ಬಂಡೆ ಮ್ಯಾಲೆ ಸೀಮೆಸುಣ್ಣದಲ್ಲಿ ಬರೆಯೋರು."

"ಏನನ್ನ?"

"ಕುದ್ರೇನ. ಬರೆಯೋರು, ನೋಡೋರು, ನೀರು ಹುಯ್ದು ಒರೆಸಿಬಿಡೋರು. ಮತ್ತೆ ಬರೆಯೋರು. ಸಾಕಾದ್ಮೇಲೆ ಅದರ ಮೈ ಉಜ್ಕೊಂಡು ಸುಮ್ಕೆ ನಿಂತಿರೋರು. ಇದು ಮೂರನೇ ಕುದ್ರೆ ಅವ್ವಾ. ಕೈ ಆಡ್ತಿದ್ರೆ ಒಳಗಿರೋದು ತಿಳಿಯಾಯ್ತದೆ ಕಣೋ ಅನ್ನೋರು."

"ಮತ್ತೆ ಸ್ನಾನ?"

"ಕುದ್ರೆ ವಾಸ್ನೆ ನಿಮಗಾಗಕ್ಕಿಲ್ವಂತಲ್ಲ. ಅದಕ್ಕೇ ಸೋಪು ಹಚ್ಕೊಂಡು ಕೆರೇಲಿ ಮುಳುಗಿ ಎದ್ದು ಬರೋರು."

ವಿಶಾಲಮ್ಮ ಜಗಲಿಯ ಮೆಟ್ಟಿಲ ಮೇಲೆ ಕೂತಳು. "ಮನೇಲಿ ಬರೀಬೋದಿತ್ತಲ್ಲೋ. ಇಷ್ಟು ದೊಡ್ಡ ಗೋಡೆ ಇತ್ತು."

"ನಾನೂ ಕೇಳ್ದೆ. ಮನೇಲಿ ಬರೆದ್ರೆ ಏನ್ರೀ ಇದು, ಯಾಕ್ರೀ ಇದು ಅಂತ ಅವಳು ಕೇಳ್ತಾಳೆ. ಹೇಳೋಕೆ ನಂಗೆ ಬರಲ್ಲ ಅಂದ್ರು."

"ನಾನು ಏನೂ ಕೇಳ್ಲೇ ಇಲ್ವಲ್ಲೋ," ಎಂದಳು ವಿಶಾಲಮ್ಮ. ಆಮೇಲೆ ತಮ್ಮ ದೇವೀರಪ್ಪನ ಕಡೆ ತಿರುಗಿ ಎಂದಳು: "ಎತ್ತಿ."

*

ಒಂದೇ ಒಂದು ಸಲ, ಎಪ್ಪತ್ತೊಂದರಲ್ಲೋ ಎಪ್ಪತ್ತೆರಡರಲ್ಲೋ, ಗಂಗಾಧರಯ್ಯ ತಲೆಯ ಮೇಲೆ ಟವಲು ಹೊದ್ದು ಅಡುಗೆಮನೆಯ ಬಾಗಿಲಿಗೆ ಬಂದಿದ್ದ.

"ಮುಂದಿನ ಭಾನುವಾರ ನೀನೂ ಬರ್ತೀಯಾ ವಿಶಾಲೂ?"

ಅವಳ ಕೈಯಲ್ಲಿ ರೊಟ್ಟಿ ಇತ್ತು. ಆ ಹೆಂಗಸನ್ನು ತನಗೇ ತೋರಿಸುವಷ್ಟು ಭಂಡನಾದನಲ್ಲಾ ಎಂದುಕೊಂಡಳು.

"ನಂಗೆ ಮನೇಲಿ ಕೆಲಸವಿಲ್ವಾ?"

ಅವನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ. ಅವಳು ರೊಟ್ಟಿ ತಿರುವಿಹಾಕಿದಳು.

*

ವಿಶಾಲಮ್ಮನ ಮಂಡಿ ನಡೆಯಲು ಬಿಡುತ್ತಿರಲಿಲ್ಲ. ದೇವೀರಪ್ಪ ಅವಳನ್ನು ಜಟಕಾಕ್ಕೆ ಹತ್ತಿಸಿದ. ಮುಂದೆ ತಮಟೆ, ವಿಮಾನದಲ್ಲಿ ನೆಟ್ಟಗೆ ಕೂತ ಗಂಗಾಧರಯ್ಯ, ಹಿಂದೆ ಜನ, ಕೊನೆಯಲ್ಲಿ ಜಟಕಾ.

ಊರಾಚೆಯ ಕವಲಿನಲ್ಲಿ ಜನ ಸ್ಮಶಾನದ ಎಡದಾರಿ ಹಿಡಿದರು. ಕುದುರೆ ಬಲಕ್ಕೆ ತಿರುಗಿತು. ತಮ್ಮಯ್ಯ ಲಗಾಮು ಎಳೆದ.

"ಭಾನುವಾರ ಅಲ್ವಾ, ಅದರ ಪಾಡಿಗೆ ಅದು ಹೊರಟ್ತು. ತಪ್ಪು ತಿಳ್ಕಬ್ಯಾಡಿ ಅವ್ವಾರೆ."

"ಬಿಡು. ಹೋಗಲಿ."

"ಏಯ್ ತಮ್ಮಯ್ಯ! ಎತ್ತಾಗ್ಲಾ ಹೊಡೀತೀಯ? ಈ ಕಡೆ!" ಎಂದು ದೇವೀರಪ್ಪ ಕೂಗಿದ.

"ಮಣ್ಣು ಹಾಕೋ ಹೊತ್ತಿಗೆ ಹೋಗ್ಬೇಕು ಅವ್ವಾ."

"ಹೋಗೋಣ. ಮೊದಲು ಅಲ್ಲಿಗೆ."

ಕೋಡಿಯ ಬಳಿ ಕುದುರೆ ತಾನಾಗಿ ನಿಂತಿತು. ತಮ್ಮಯ್ಯ ಅವಳನ್ನು ಇಳಿಸಿ, ಏನನ್ನೂ ಕೇಳದೆ ಕುದುರೆಯನ್ನು ಬಿಚ್ಚಿದ. ನೀರಿನ ಪಕ್ಕದಲ್ಲಿ ಒಂದು ಚಪ್ಪಟೆ ಬಂಡೆ ಇತ್ತು. ಚಿತ್ರವೇನೂ ಇರಲಿಲ್ಲ. ಕಲ್ಲಿನ ಸಣ್ಣ ಸಣ್ಣ ಗುಳಿಗಳಲ್ಲಿ ಸುಣ್ಣ ಕೂತು ಇಡೀ ಬಂಡೆ ಮಬ್ಬು ಬಿಳಿಯಾಗಿತ್ತು. ವಿಶಾಲಮ್ಮ ಅದರ ಅಂಚಿನಲ್ಲಿ ಕೂತಳು.

ಕುದುರೆ ನಾಲ್ಕು ಹೆಜ್ಜೆ ನಡೆದು ಅವಳ ಎದುರು ಅಡ್ಡಕ್ಕೆ ತಿರುಗಿತು. ಹಿಂಗಾಲೊಂದನ್ನು ಸಡಿಲ ಬಿಟ್ಟು ತಲೆ ಎತ್ತಿ ನಿಂತಿತು. ಹೊಟ್ಟೆಯ ಮೇಲೆ ನೊಣ ಕೂತಾಗ ಅಷ್ಟು ಜಾಗದ ಚರ್ಮ ಮಾತ್ರ ಅದುರಿತು.

ದೂರದಲ್ಲಿ ತಮಟೆ ನಿಂತಿತು.

"ಹೊರಡೋಣ್ವಾ ಅವ್ವಾರೆ?"

"ಇರು. ಅದು ಇನ್ನೂ ನಿಂತಿದೆಯಲ್ಲ."

ಕುದುರೆ ಕತ್ತನ್ನು ಇನ್ನಷ್ಟು ಅವಳ ಕಡೆ ತಿರುಗಿಸಿ, ಅಲುಗಾಡದೆ ಕಾಯತೊಡಗಿತು.