ಹಿಮ ಕೂರದ ಗುಂಡಿ

ಲೋಟದ ಮೈಮೇಲಿನ ನೀರಹನಿಗಳ ನಡುವೆ ನನ್ನ ಹೆಬ್ಬೆರಳಿನ ಗುರುತು, ಇಷ್ಟು ತಣ್ಣನೆಯ ನೀರನ್ನು ಯಾರು ಕೇಳಿದ್ದರು, ಕುಡೀರಿ ಮೇಡಂ, ಒಳಗೆ ಇನ್ನೂ ಹತ್ತು ನಿಮಿಷ ಆಗುತ್ತೆ ಅಂದು ಜವಾನ ಇಟ್ಟು ಹೋದ, ಕುಡಿಯಲಾರೆ, ಆ ಗುರುತನ್ನು ನೋಡಲೂ ಆರೆ — ಅಲ್ಲೂ ಹೀಗೆಯೇ ಇತ್ತು, ಶೀತಲಗೃಹದ ಮೂರನೇ ಕೋಣೆಯಿಂದ ಅವರನ್ನು ಹೊತ್ತೊಯ್ದ ಮೇಲೆ ಒಳಗೆ ಹೋದರೆ ಗೋಡೆ, ಕಪಾಟು, ಪೆಟ್ಟಿಗೆ ಎಲ್ಲದರ ಮೇಲೂ ಬೆಳ್ಳನೆಯ ಹಿಮ, ಬೆಲ್ಲಿನ ಗುಂಡಿಯ ಮೇಲೆ ಮಾತ್ರ ಇಲ್ಲ. ಎದುರು ಬೆಂಚಿನಲ್ಲಿ ಅವರೇ ಕೂತಿದ್ದಾರೆ, ಇಲ್ಲಿನ ಸ್ಟೋರ್ ನೋಡಿಕೊಳ್ಳುವವರು, ಸುಡುಬಿಸಿಲಲ್ಲೂ ಸ್ವೆಟರ್ ಬಿಚ್ಚದ್ದಕ್ಕೆ ಎಲ್ಲರ ಬಾಯಲ್ಲೂ ಸ್ವೆಟರ್ ಮಾಮ, ಬಲಗೈ ಈಗ ಬ್ಯಾಂಡೇಜಿನ ಉಂಡೆ, ಎರಡು ಬೆರಳಿಲ್ಲ, ಬಾಗಿಲಿನ ಹಿಡಿ ಮುರಿದು ನಲವತ್ತು ನಿಮಿಷ ಒಳಗೇ ಸಿಕ್ಕಿಬಿದ್ದಿದ್ದರು, ಮ್ಯಾನೇಜರ್ ಹೇಳುವುದೇ ಬೇರೆ, ಬೆಲ್ ಒತ್ತೇ ಇಲ್ಲ ರೀ, ರೆಕಾರ್ಡಿನಲ್ಲಿ ಇಲ್ಲ, ಒಳಗೆ ಕೂತು ತೂಕಡಿಸಿದ್ದಾರೆ, ಇಂಥವರನ್ನ ಇಟ್ಕೊಳ್ಳೋಕಾಗಲ್ಲ. ಇವತ್ತು ಅದನ್ನೇ ತೀರ್ಮಾನ ಮಾಡುತ್ತಾರೆ. ಸ್ವೆಟರ್ ಮಾಮ ನನ್ನನ್ನೇ ನೋಡಿ, ನೀನಾದ್ರೂ ಹೇಳು ತಾಯಿ, ನಿನ್ನ ಯಂತ್ರಕ್ಕೆ ಗೊತ್ತಿರ್ಬೇಕಲ್ವಾ, ನಾನು ಒತ್ತೀ ಒತ್ತೀ ಸಾಕಾದೆ.

ಗೊತ್ತಿದೆ ಮಾಮ, ಯಂತ್ರಕ್ಕೂ ಗೊತ್ತಿದೆ, ಆ ಬೆಲ್ಲಿನ ಪ್ರೋಗ್ರಾಂ ಬರೆದ ನನಗೂ. ಎಲ್ಲ ಕೋಣೆಗೂ ಒಂದೇ ತಂತಿ, ಹೊರಗಿನ ಫಲಕ ಸೆಕೆಂಡಿಗೊಮ್ಮೆ ಕೇಳುತ್ತದೆ, ಒಳಗೆ ಯಾರಾದರೂ ಕರೆಯುತ್ತಿದ್ದಾರಾ, ಕೇಳಿದ ಕೂಡಲೇ ತಂತಿಯನ್ನು ಬಿಟ್ಟುಕೊಡಬೇಕು, ಇಲ್ಲವಾದರೆ ಒಳಗಿನಿಂದ ಬರುವ ಉತ್ತರದ ಮೊದಲ ಭಾಗ, ತಲೆಯೇ, ಹಾರಿಹೋಗುತ್ತದೆ, ಎಷ್ಟು ಮಿಲಿಸೆಕೆಂಡ್ ಹಿಡಿದಿರಬೇಕು ಅನ್ನುವ ಅಂಕಿ ಮೊದಲು ತಂತಿಯನ್ನು ನಡೆಸುವ ಪ್ರೋಗ್ರಾಂ, ಡ್ರೈವರ್ ಅಂತಾರಲ್ಲ, ಅದರ ಹೊಟ್ಟೆಯೊಳಗೆ ಭದ್ರವಾಗಿತ್ತು, ಕೇಬಲ್ ಬದಲಾದಾಗಲೆಲ್ಲ ನನಗೆ ಫೋನು, ನಾನು ಓಡಿ ಬರಬೇಕು, ಸಾಕಾಗಿಹೋಗಿ ಆ ಅಂಕಿಯನ್ನು ಹೊರಗೆ ಒಂದು ಫೈಲಿನಲ್ಲಿಟ್ಟೆ, ಯಾವ ಪ್ರೋಗ್ರಾಂ ಬೇಕಾದರೂ ಓದಬಹುದು, ಬರೆಯಬಹುದು, ನೋಡಿ, ಇನ್ನು ನನ್ನ ಕಾಯಬೇಕಾಗಿಲ್ಲ ಅಂತ ಎರಡಿದ್ದದ್ದನ್ನು ಏಳು ಮಾಡಿ ತೋರಿಸಿದೆ, ಯಾರು ಬೇಕಾದ್ರೂ ಬದಲಾಯಿಸ್ಬಹುದಾ ಅಂತ ಎಲೆಕ್ಟ್ರಿಷಿಯನ್ ಕೇಳಿದ, ಅದೇ ತಾನೇ ಬೇಕಾಗಿದ್ದು ಅಂದು ನಕ್ಕೆ, ಎಂಥ ನಗು, ನೆನೆದರೆ ಮೈ ಉರಿಯುತ್ತದೆ, ಅಷ್ಟರಲ್ಲಿ ಅಮ್ಮನ ಫೋನು, ಲ್ಯಾಪ್‌ಟಾಪ್ ಮುಚ್ಚಿ ಹೊರಟೆ — ಪ್ರೋಗ್ರಾಂ ಮುಚ್ಚಿದರೆ ಹಳೆಯ ಅಂಕಿ ತಾನಾಗಿ ಮರಳುತ್ತದೆ ಅಂದುಕೊಂಡಿದ್ದೆ, ಮರಳಿಸುವ ಆ ಒಂದು ಸಾಲನ್ನು ನಾನು ಬರೆದೇ ಇರಲಿಲ್ಲ. ಮರುದಿನ, ಮಾಮ ಒಳಗೆ ಸಿಕ್ಕಿಬಿದ್ದಾಗಲೂ, ಏಳು ಏಳಾಗಿಯೇ ಇತ್ತು. ಅರ್ಥವಾಗದ ಉತ್ತರ ಬಂದರೆ ಫಲಕ ಹಿಂದಿನದನ್ನೇ ತೋರಿಸುತ್ತದೆ, ಕರೆ ಇಲ್ಲ, ಕರೆ ಇಲ್ಲ, ಕರೆ ಇಲ್ಲ, ತಂತಿಯ ಮೇಲೆ ಹೋಗಿಬಂದದ್ದೆಲ್ಲ, ಆಮೇಲೆ ಯಂತ್ರದಿಂದ ನಾನು ಇಳಿಸಿಕೊಂಡದ್ದು, ಇರುವುದು ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ, ತಲೆಯಿಲ್ಲದ ಉತ್ತರಗಳು, ಬಾಲದಲ್ಲಿ ಮಾತ್ರ ಸ್ಪಷ್ಟ, ಒತ್ತಿದ್ದಾರೆ, ಒತ್ತಿದ್ದಾರೆ, ಕೊನೆಕೊನೆಗೆ ದೂರ ದೂರ, ಅಲ್ಲೊಂದು ಇಲ್ಲೊಂದು. ಫೈಲಿಗೆ ಯಾರು ಬರೆದರು ಅನ್ನುವುದಕ್ಕೆ ಗುರುತೇ ಇಲ್ಲ, ಅಮ್ಮನಿಗೆ ಹೇಳಿದರೆ, ನಿನ್ನ ಹೆಸರು ಎಲ್ಲಾದ್ರೂ ಇದೆಯೇನೇ, ಇಲ್ಲ ತಾನೇ, ಬಾಯಿ ಮುಚ್ಕೊಂಡಿರು, ಕೆಲಸ ಹೋದ್ರೆ ಏನ್ಮಾಡ್ತೀಯ. ನಾಚಿಕೆಯಾಗುತ್ತದೆ, ಅಮ್ಮನ ಮಾತು ಕೇಳಿ ನನಗೆ ಸಮಾಧಾನವೇ ಆಗಿತ್ತು.

ಬಾಗಿಲು ತೆರೆಯಿತು, ಬನ್ನಿ ಮೇಡಂ, ಉದ್ದನೆಯ ಮೇಜು, ಎಸಿಯ ಗಾಳಿ, ಸ್ವೆಟರ್ ಮಾಮ ನನ್ನ ಹಿಂದೆಯೇ ಬಂದು ನಿಂತರು, ಅವರ ಉಸಿರು ಕೇಳಿಸುತ್ತದೆ, ಮ್ಯಾನೇಜರ್ ಕಾಗದದಿಂದ ತಲೆಯೆತ್ತದೆಯೇ, ಒಂದೇ ಮಾತಲ್ಲಿ ಹೇಳಿಬಿಡಿ, ಬೆಲ್ ಒತ್ತಿದ್ರಾ ಇಲ್ವಾ — ಒತ್ತಿದ್ದಾರೆ, ತಪ್ಪು ನನ್ನದು, ಅಂದೆ, ಅಂದೆನಾ, ಅರ್ಧವೇ ಹೊರಬಂತು, ಏನಂದ್ರಿ, ಕೇಳಿಸ್ಲಿಲ್ಲ, ಇಲ್ಲ ಅಂತ ತಾನೇ, ಪೆನ್ನಿನ ಮುಚ್ಚಳ ತೆಗೆಯುತ್ತಿದ್ದಾರೆ, ಸುಮ್ಮನಿದ್ದರೆ ಮುಗಿಯಿತು, ಸುಮ್ಮನಿದ್ದರೆ ಸಾಕು, ಅವರು ಒಂದು ಸಲ ಒತ್ತಿ ಬಿಡಲಿಲ್ಲವಲ್ಲ, ಬೆರಳು ಮರಗಟ್ಟಿದ ಮೇಲೂ, ಅಂಗೈಯಿಂದ, ಮತ್ತೆ — ಸುತ್ತ ಹಿಮ, ಬೆಳ್ಳನೆಯ ಹಿಮ, ನಡುವೆ ಗುಂಡಿ, ಮತ್ತೆ ಅಂದೆ, ಈ ಸಲ ಜೋರಾಗಿ, ಒತ್ತಿದ್ದಾರೆ, ಹಿಮ ಕೂರದ ಗುಂಡಿ