ಸದ್ದು ಮಾಡದ ಶೂ

"ತೆಗಿ ಕೈ! ಸತ್ತವರ ಕಾಲಿಗೆ ಯಾರಾದ್ರೂ ಶೂ ಹಾಕ್ತಾರೇನೇ?"

ಪುರೀತಾ ಶೂ ಹಿಮ್ಮಡಿ ಟಕಟಕ ಅನ್ನಿಸುತ್ತ ಬಂದವಳೇ ನೆನೀತಾಳ ಕೈಯನ್ನು ನಡುಮನೆಯಲ್ಲಿದ್ದ ಶವಪೆಟ್ಟಿಗೆಯಿಂದ ಎಳೆದಳು. ನೆನೀತಾಳ ಕೈಯಲ್ಲಿದ್ದದ್ದು ಮಾಸಿದ ಗುಲಾಬಿ ಬಣ್ಣದ, ಮೆತ್ತನೆಯ ಬ್ಯಾಲೆ ಶೂ. ಪೆಟ್ಟಿಗೆಯಲ್ಲಿ ಬರಿಗಾಲಲ್ಲಿ ಮಲಗಿದ್ದವಳು ಪುರೀತಾಳ ತಂಗಿ, ನೆನೀತಾಳ ಗೆಳತಿ ಹರ್ಮೀನಿಯಾ. ಮರಿಕೀನಾ ಪಟ್ಟಣದ ಶೂ ಕಾರ್ಖಾನೆಯಲ್ಲಿ ಕಂಡವರ ಕಾಲಿಗೆಲ್ಲ ಶೂ ಹೊಲಿದು ಬೆನ್ನು ಬಗ್ಗಿಸಿಕೊಂಡು, ಐವತ್ತು ದಾಟಿದ ಮೇಲೆ ಬ್ಯಾಲೆ ನೃತ್ಯ ಕಲಿತು ಆ ಬೆನ್ನನ್ನು ನೆಟ್ಟಗೆ ಮಾಡಿಕೊಂಡಿದ್ದವಳು.

"ಶೂ ಹಾಕಿ ಕಳಿಸಿದ್ರೆ ವಾಪಸ್ ಬಂದು ಮನೆತುಂಬಾ ಓಡಾಡೋ ಸದ್ದು ಕೇಳುತ್ತೆ. ಅಷ್ಟೂ ಗೊತ್ತಿಲ್ವಾ ನಿಂಗೆ?"

ಗೊತ್ತಿಲ್ಲದೆ ಏನು? ಅದೇ ಊರಲ್ಲಿ ಹುಟ್ಟಿ ಬೆಳೆದವಳು ನೆನೀತಾ. ಅವಳ ಹೊಟ್ಟೆ ಉರಿಯುತ್ತಿದ್ದದ್ದು ಬೇರೆ ಕಾರಣಕ್ಕೆ. ಈಗಷ್ಟೇ ಪಾದ್ರಿಗಳು ಎಲ್ಲರೆದುರು, "ಹರ್ಮೀನಿಯಾ ಶನಿವಾರ ತಪ್ಪದೆ ಜಪಮಾಲೆ ಪ್ರಾರ್ಥನೆಗೆ ಹೋಗುತ್ತಿದ್ದಳು" ಎಂದು ಹೊಗಳಿದ್ದರು. ಅವರದ್ದೇನು ತಪ್ಪು? ಹೇಳಿಕೊಟ್ಟವಳು ಪುರೀತಾ. ಶನಿವಾರ ಶನಿವಾರ ಬಿಗಿ ಕಾಲುಚೀಲ ತೊಟ್ಟು ಬೆವರು ಸುರಿಸಿದವಳನ್ನು ಸತ್ತ ಮೇಲೆ ಜಪಕ್ಕೆ ಕೂರಿಸಿಬಿಟ್ಟಳಲ್ಲ! ಎಂಥ ಅನ್ಯಾಯ!

"ಅವಳು ಹೋಗ್ತಿದ್ದದ್ದು ನಮ್ಮ ಜೊತೆ, ಬ್ಯಾಲೆಗೆ. ಅದನ್ಯಾಕೆ ಮುಚ್ಚಿಟ್ರಿ ಅಕ್ಕಾ?"

"ಹೇಳ್ಕೊಳ್ಳೋ ವಿಷಯಾನಾ ಅದು? ಅಷ್ಟು ವರ್ಷ ಕುಣಿದ್ರೂ ಇನ್ನೂ ಹೊಸಬರ ಕ್ಲಾಸೇ! ನೀವೆಲ್ಲ ಮೂರೂ ಬಿಟ್ಟೋರು, ಅವಳನ್ನೂ ಕೆಡಿಸಿದ್ರಿ."

* * *

ಹರ್ಮೀನಿಯಾ ಇದ್ದಾಗಿನ ಒಂದು ಶನಿವಾರ, ಬೇಕರಿಯ ಮೇಲಿನ ಬ್ಯಾಲೆ ಕ್ಲಾಸಿನ ಕೋಣೆ. ಬೆಂದ ಬ್ರೆಡ್ಡಿನ ವಾಸನೆಗೆ ಎಲ್ಲರ ಹೊಟ್ಟೆಯೂ ಗುರುಗುಟ್ಟುತ್ತಿತ್ತು.

"ಹಾರೋದು ದೊಡ್ಡದಲ್ಲ, ಇಳಿಯೋದು ದೊಡ್ಡದು. ಕೆಳಗಿನವರಿಗೆ ಗೊತ್ತೇ ಆಗಬಾರದು," ಎಂದಳು ಟೀಚರ್ ಓಡೆಟ್.

"ನಂಗೆ ಅಭ್ಯಾಸ ಇದೆ ಟೀಚರ್. ದಿನಾ ಬೆಳಗ್ಗೆ ಮಹಡೀಲಿ, ಕೆಳಗೆ ಮಲಗಿರೋ ನಮ್ಮಕ್ಕನ ತಲೆ ಮೇಲೇ ಹಾರ್ತೀನಿ. ಎಚ್ಚರ ಆದ್ರೆ ನನ್ನ ಕಥೆ ಮುಗೀತು!" ಎಂದು ಹರ್ಮೀನಿಯಾ ನಕ್ಕಳು.

ಮೇಲಿನ ತರಗತಿಗೆ ಹೋಗು ಎಂದು ಟೀಚರ್ ಎಷ್ಟು ಹೇಳಿದರೂ ಅವಳು ಜಗ್ಗಲಿಲ್ಲ. "ಬೇಡಮ್ಮ. ಇಲ್ಲಿ ಬಿದ್ರೆ ಜೊತೆಗೆ ಬೀಳೋಕೆ ನೆನೀತಾ ಇದ್ದಾಳೆ."

* * *

"ಈ ಶೂ ಸದ್ದೇ ಮಾಡಲ್ಲ," ನೆನೀತಾ ದನಿ ಏರಿಸಿದಳು. "ಮಹಡಿ ಮೇಲೆ ದಿನಾ ಹಾರ್ತಿದ್ಲು. ಒಂದಿನಾನಾದ್ರೂ ಕೇಳಿಸ್ತಾ ನಿಮಗೆ?"

"ನನ್ನ ತಲೆ ಮೇಲಾ? ಸುಳ್ಳು! ಆ ಹಲಗೆ ಇಲಿ ಓಡಿದ್ರೂ ಕಿರ್ ಅನ್ನುತ್ತೆ."

"ತಡೀರಿ, ತೋರಿಸ್ತೀನಿ."

ನೆನೀತಾ ಚೀಲದಿಂದ ತನ್ನ ಶೂ ತೆಗೆದು ಮೆಟ್ಟಿಕೊಂಡು ಮಹಡಿ ಹತ್ತಿದಳು. ಬಂದವರೆಲ್ಲ ಕಾಫಿ ಲೋಟ ಹಿಡಿದುಕೊಂಡೇ ಮೇಲೆ ನೋಡಿದರು.

ಧಡ್!

ಸೂರಿನ ಧೂಳು ಹೂವಿನ ಮೇಲೆಲ್ಲ ಉದುರಿತು. ಯಾರೋ ಕಿಸಕ್ಕೆಂದರು. ನೆನೀತಾ ಕೆಂಪಗಾಗಿ ಇಳಿದು ಬಂದಳು. ಗೆಳತಿಯ ಪರವಾಗಿ ವಾದಿಸಲು ಹೋಗಿ ತಾನೇ ಕೆಡಿಸಿದ್ದಾಯಿತು, ಥೂ, ಹಾಳು ಕಾಲು!

ಪುರೀತಾ ಇನ್ನೂ ಸೂರನ್ನೇ ನೋಡುತ್ತಿದ್ದಳು.

"ಈ ಹಲಗೆ ಮೇಲೆ ದಿನಾ ಹಾರಿದ್ಲಾ? ಒಂದಿನಾನೂ ಕೇಳ್ಲಿಲ್ವಲ್ಲೇ," ಎಂದಳು.

ನೆನೀತಾ ಕರಗಲಿಲ್ಲ. "ಹೇಗೆ ಕೇಳುತ್ತೆ? ನೀವು ಬೈತೀರಿ ಅಂತ ಕೇಳಿಸದ ಹಾಗೇ ಕಲಿತಿದ್ಲು."

"ಕೊಡು ಇಲ್ಲಿ," ಪುರೀತಾ ಕೈ ಚಾಚಿದಳು.

ಬಿಸಾಕಿಬಿಡುತ್ತಾಳೆಂದು ನೆನೀತಾ ಗುಲಾಬಿ ಶೂ ಎದೆಗವಚಿಕೊಂಡಳು. ಪುರೀತಾ ಚಾಚಿದ ಕೈ ಹಿಂದೆಗೆಯಲಿಲ್ಲ.

"ಎಡದ್ಯಾವುದು, ಬಲದ್ಯಾವುದು?"

"ಎರಡೂ ಒಂದೇ ಅಕ್ಕಾ. ಹೇಗೆ ಹಾಕಿದ್ರೂ ಆಗುತ್ತೆ."

ಸುತ್ತಲಿನ ಮುದುಕಿಯರು ಶಿಲುಬೆ ಗುರುತು ಮಾಡಿಕೊಂಡು ಗೊಣಗಿದರು. ಪುರೀತಾ ಅತ್ತ ತಿರುಗಿಯೂ ನೋಡದೆ ತಂಗಿಯ ಕಾಲಿಗೆ ಶೂ ತೊಡಿಸಿದಳು.

ಪೆಟ್ಟಿಗೆ ಹೊರಟಿತು. ಅಂಗಳ ದಾಟುವಾಗ ನೆನೀತಾಳ ಮುಂದೆ ಪುರೀತಾಳ ಶೂ ಹಿಮ್ಮಡಿ ಟಕ್ ಟಕ್ ಎನ್ನುತ್ತಿತ್ತು. ಗೇಟಿನ ಬಳಿ ಸದ್ದು ನಿಂತಿತು. ನೆನೀತಾ ತಲೆಯೆತ್ತಿದಳು. ಪುರೀತಾ ತನ್ನೆರಡೂ ಶೂ ಬಿಚ್ಚಿ ಕೈಯಲ್ಲಿ ಹಿಡಿದು, ಕಾದ ರಸ್ತೆಯ ಮೇಲೆ ಬರಿಗಾಲನ್ನು ತುದಿಬೆರಳಿಂದ ಮೆಲ್ಲಗೆ ಊರುತ್ತ ಪೆಟ್ಟಿಗೆಯ ಹಿಂದೆ ನಡೆಯುತ್ತಿದ್ದಳು.